ಗೋವಿಂದಯ್ಯನವರ ಹಿಮ್ಮಡಿ

ಗೋವಿಂದಯ್ಯನವರು ಕುಕ್ಕರಗಾಲಲ್ಲಿ ಕೂರಲು ಹೋದರೆ ಬಲಗಾಲಿನ ಹಿಮ್ಮಡಿಗೂ ನೆಲಕ್ಕೂ ನಡುವೆ ನನ್ನ ನಾಲ್ಕು ಬೆರಳು ಸಲೀಸಾಗಿ ತೂರುತ್ತಿದ್ದವು. ಆ ನಾಲ್ಕು ಬೆರಳಿನ ಜಾಗ ಮುಚ್ಚುವುದಕ್ಕೆ ನಾನು ಪಟ್ಟ ಪಾಡು, ಬೈದ ಬೈಗುಳ ಇವತ್ತು ನೆನಪಾದರೂ ಮೈ ಉರಿಯುತ್ತದೆ. ಉರಿ ಯಾರ ಮೇಲೆ ಎಂಬುದು ಮಾತ್ರ ಮೊದಲಿನ ಹಾಗಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಶಿವಮೊಗ್ಗದ ವಿನೋಬನಗರದಲ್ಲಿ ಹಿಟ್ಟಿನ ಗಿರಣಿಯ ಪಕ್ಕದ ಮಳಿಗೆಯಲ್ಲಿ ನನ್ನ ಕ್ಲಿನಿಕ್. ಸಂಸ್ಕೃತ ಮೇಷ್ಟರಾಗಿದ್ದ ನನ್ನಜ್ಜ ನನಗೆ ಪ್ರಿಯಂವದಾ ಎಂದು ಹೆಸರಿಟ್ಟರು. ಸವಿಯಾಗಿ ಮಾತಾಡುವವಳು ಎಂದು ಅರ್ಥ. ಪಾಪ, ಅವರಿಗೇನು ಗೊತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹೇಳಿಕೊಟ್ಟ ವ್ಯಾಯಾಮ ಮಾಡದೆ ಬಂದು, ನೋವು ಹಾಗೇ ಇದೆ ಮೇಡಂ ಎಂದು ಮುಖ ಕಿವುಚುವವರನ್ನು ಕಂಡರೆ ಬಾಯಿಗೆ ಬಂದಿದ್ದು ಅಂದುಬಿಡುತ್ತೇನೆ. ಎಷ್ಟೋ ಜನ ಅದಕ್ಕೇ ಬರುವುದು ಬಿಟ್ಟಿದ್ದಾರೆ. ಗೋವಿಂದಯ್ಯ ಬಿಡಲಿಲ್ಲ.

ಅವರು ಬಂದದ್ದು 2007ರ ಸೆಪ್ಟೆಂಬರಿನಲ್ಲಿ. ಜೊತೆಗೆ ಹೆಂಡತಿ ಬಂಗಾರಮ್ಮ. ಭದ್ರಾವತಿಯ ಹಳೇನಗರದಿಂದ ಬಸ್ಸು ಹಿಡಿದು, ಸ್ಟ್ಯಾಂಡಿನಿಂದ ವಿನೋಬನಗರದವರೆಗೆ ಕುಂಟಿಕೊಂಡೇ ನಡೆದು ಬಂದಿದ್ದರು. ಆಟೋ ಯಾಕೆ ಹಿಡಿಯಲಿಲ್ಲ ಎಂದರೆ, "ನಡೀರಿ ಅಂತ ಡಾಕ್ಟ್ರು ಹೇಳಿದಾರಲ್ಲ" ಎಂದರು. ನಲವತ್ತಾರು ವರ್ಷ, ಕಡ್ಡಿಯಂಥ ಮೈ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ಭದ್ರಾವತಿಯ ಹೊರಗೆ ಒಂದು ಸಣ್ಣ ಖಾಸಗಿ ಫೌಂಡ್ರಿಯಲ್ಲಿ ಅಚ್ಚು ಮಾಡುವ ಕೆಲಸ ಅವರದು.

ಆ ಕೆಲಸ ಏನೆಂದು ನನಗೆ ಗೊತ್ತಿರಲಿಲ್ಲ. ಅವರೇ ಹೇಳಿದರು. ಕಬ್ಬಿಣದ ಚೌಕಟ್ಟಿನೊಳಗೆ, ಬೇಕಾದ ವಸ್ತುವಿನದೇ ಆಕಾರದ ಮರದ ಪ್ಯಾಟರ್ನ್ ಇಟ್ಟು, ಸುತ್ತ ಕರಿ ಮರಳು ತುಂಬಿ, ಕುಟ್ಟಿ ಕುಟ್ಟಿ ಗಟ್ಟಿ ಮಾಡಬೇಕು. ಆಮೇಲೆ ಮರಳು ಕದಲದ ಹಾಗೆ ಪ್ಯಾಟರ್ನನ್ನು ಮೇಲಕ್ಕೆ ಎತ್ತಬೇಕು. ಉಳಿದ ಟೊಳ್ಳಿಗೆ ಕಾದ ಕಬ್ಬಿಣ ಹುಯ್ಯುತ್ತಾರೆ. ಇದೆಲ್ಲ ನಡೆಯುವುದು ನೆಲದ ಮೇಲೆ. ಬೆಳಗಿನಿಂದ ಸಂಜೆತನಕ ಕುಕ್ಕರಗಾಲಲ್ಲಿ ಕೂತು, ಹಿಮ್ಮಡಿ ಊರಿ, ಚೌಕಟ್ಟಿನ ಸುತ್ತ ಸರಿಯುತ್ತಾ ಹೋಗಬೇಕು. ಹೊಳೆಹೊನ್ನೂರಿನ ಕಡೆಯ ಕೂಲಿಯವರ ಮಗ ಗೋವಿಂದಯ್ಯ ಹದಿನೆಂಟನೇ ವಯಸ್ಸಿಗೆ ಮರಳು ಜರಡಿ ಹಿಡಿಯಲು ಸೇರಿ, ಒಬ್ಬ ತಮಿಳು ಮೇಸ್ತ್ರಿಯ ಕೈಕೆಳಗೆ ಕಲಿತು, ಇಪ್ಪತ್ತಾರು ವರ್ಷದಿಂದ ಅಚ್ಚು ಮಾಡುತ್ತಿದ್ದರು. ಒಂದು ದಿನ ಕ್ಲಿನಿಕ್ಕಿನಿಂದ ಇಬ್ಬರೂ ಒಟ್ಟಿಗೆ ಹೊರಟಾಗ ರಸ್ತೆ ನಡುವಿನ ಮ್ಯಾನ್‌ಹೋಲ್ ಮುಚ್ಚಳ ತೋರಿಸಿ, "ಇದು ನಂದು ಮೇಡಂ" ಎಂದರು. ಹೇಗೆ ಗೊತ್ತು ಎಂದೆ. "ಅಂಚು ನೋಡಿ, ಎಲ್ಲೂ ಮರಳು ಉದುರಿಲ್ಲ" ಎಂದರು.

ಮೇ ತಿಂಗಳಲ್ಲಿ ಸೈಕಲ್ಲಿನ ಚಕ್ರ ರೈಲ್ವೆ ಗೇಟಿನ ಹಳಿಯ ಸಂದಿಗೆ ಸಿಕ್ಕಿ ಬಿದ್ದಿದ್ದರು. ಪಾದದ ಕೀಲಿನ ಹತ್ತಿರ ಮೂಳೆ ಮುರಿದಿತ್ತು. ಎರಡು ತಿಂಗಳು ಪ್ಲಾಸ್ಟರ್. ಬಿಚ್ಚಿದ ಮೇಲೆ ನಡೆಯಿರಿ ಎಂದಷ್ಟೇ ಹೇಳಿ ಕಳಿಸಿದ್ದಾರೆ. ಹೇಗೆ ನಡೆಯಬೇಕು ಎಂದು ಯಾರೂ ಹೇಳಿಲ್ಲ. ನೋವಿಗೆ ಹೆದರಿ ಇವರು ತುದಿಗಾಲಲ್ಲಿ ನಡೆದರು. ಮೀನಖಂಡ ಹಗ್ಗದ ಹಾಗೆ ಬಿಗಿದುಕೊಂಡಿತು.

"ಡಿಸೆಂಬರ್ ಮೂರಕ್ಕೆ ದೊಡ್ಡ ಪಂಪಿನ ಆರ್ಡರ್ ಶುರು ಮಾಡ್ತಾರೆ" ಎಂದರು ಗೋವಿಂದಯ್ಯ. "ಒಂದನೇ ತಾರೀಕಿಗೆ ನೆಲದ ಮೇಲೆ ಕೂತು ಒಂದು ದೊಡ್ಡ ಅಚ್ಚು ಪೂರ್ತಿ ಮಾಡಿ ತೋರಿಸ್ಬೇಕು. ಆಗ್ಲಿಲ್ಲ ಅಂದ್ರೆ ಫೌಂಡ್ರಿ ಗೇಟಿಗೆ ಹಾಕ್ತಾರಂತೆ, ಲಾರಿ ನಂಬರ್ ಬರ್ಕೊಳ್ಳೋಕೆ."

"ಸಂಬಳ ಕಡಿಮೆಯಾಗುತ್ತಾ?" ಎಂದೆ.

"ಸಂಬಳ ಅದೇ" ಎಂದರು. ಆಮೇಲೆ ತಮ್ಮ ಕೈಗಳನ್ನೇ ಒಂದು ಸಲ ನೋಡಿಕೊಂಡರು. ಬಂಗಾರಮ್ಮ, "ಇವ್ರಿಗೆ ಬೇರೇನೂ ಬರಲ್ಲ ಮೇಡಂ. ಮರಳು ಬಿಟ್ರೆ ಮಾತೂ ಬರಲ್ಲ" ಎಂದರು.

ಅಳತೆ ತೆಗೆದೆ. ಗೋಡೆಗೆ ಮುಖ ಮಾಡಿ ನಿಂತು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಬೇಕು. ಹೆಬ್ಬೆರಳು ಗೋಡೆಯಿಂದ ಎಷ್ಟು ದೂರ ಸರಿಯುವವರೆಗೆ ಮೊಣಕಾಲು ತಾಗುತ್ತದೆ ಎನ್ನುವುದೇ ಲೆಕ್ಕ. ಎಡಗಾಲು ಹನ್ನೊಂದು ಸೆಂಟಿಮೀಟರ್, ಬಲಗಾಲು ಒಂದು.

ಅದೇ ವರ್ಷ ಬೆಂಗಳೂರಿಗೆ ಹೋಗಿ ಡ್ರೈ ನೀಡ್ಲಿಂಗ್ ಎಂಬ ಹೊಸ ವಿದ್ಯೆ ಕಲಿತು ಬಂದಿದ್ದೆ. ಹೊಸದಾಗಿ ಕಲಿತವರ ಹುರುಪು ನಿಮಗೆ ಗೊತ್ತಲ್ಲ, ಯಾರ ಕಾಲು ಸಿಕ್ಕರೂ ಸೂಜಿ ಹಿಡಿಯೋಣ ಎನಿಸುತ್ತಿತ್ತು. ಕೂದಲಿನಷ್ಟು ತೆಳ್ಳಗಿನ ಸೂಜಿ, ಒಳಗೆ ಔಷಧಿ ಗಿವುಷಧಿ ಇಲ್ಲ. ಸ್ನಾಯುವಿನಲ್ಲಿ ಗಂಟುಗಟ್ಟಿದ ಜಾಗ ಹುಡುಕಿ ಚುಚ್ಚಿದರೆ ಅದು ಒಮ್ಮೆ ಎಗರಿ ಬಿದ್ದು ಸಡಿಲಾಗುತ್ತದೆ. ಗೋವಿಂದಯ್ಯನವರನ್ನು ಬೋರಲು ಮಲಗಿಸಿ ಮೀನಖಂಡಕ್ಕೆ ಮೂರು ಕಡೆ ಹಾಕಿದೆ. ಹಲ್ಲು ಕಚ್ಚಿಕೊಂಡು ತಡೆದುಕೊಂಡರು.

"ಏನ್ ಔಷಧಿ ಹಾಕಿದ್ರಿ ಮೇಡಂ?" ಬಂಗಾರಮ್ಮ ಕೇಳಿದರು.

"ಔಷಧಿ ಏನೂ ಇಲ್ಲ. ಬರೀ ಸೂಜಿ."

"ಔಷಧಿ ಇಲ್ದೇ ಸೂಜಿ ಯಾಕ್ ಚುಚ್ಚಿದ್ರಿ?"

ತಾಳ್ಮೆ ತಂದುಕೊಂಡು ಹೇಳಿದೆ. ಸೂಜಿಯ ಕೆಲಸ ಕಾಲು ಭಾಗ, ಮುಕ್ಕಾಲು ಭಾಗ ಅವರದೇ. ಸಡಿಲಾದ ಸ್ನಾಯುವನ್ನು ಆಗಿಂದಾಗಲೇ ಎಳೆಯಬೇಕು, ಇಲ್ಲದಿದ್ದರೆ ಮತ್ತೆ ಬಿಗಿದುಕೊಳ್ಳುತ್ತದೆ. ಗೋಡೆ ಹಿಡಿದು, ಬಲಗಾಲು ಹಿಂದಿಟ್ಟು, ಹಿಮ್ಮಡಿ ಒತ್ತಿ, ಒಮ್ಮೆ ಮೊಣಕಾಲು ನೆಟ್ಟಗೆ, ಒಮ್ಮೆ ಬಗ್ಗಿಸಿ. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ. ಮಾಡಿಸಿಯೂ ತೋರಿಸಿದೆ. ಹೊರಡುವ ಮೊದಲು ಮತ್ತೆ ಅಳೆದರೆ ಒಂದಿದ್ದದ್ದು ನಾಲ್ಕಾಗಿತ್ತು. ನನಗೆ ಹಿಗ್ಗು ತಡೆಯಲಾಗಲಿಲ್ಲ, ಆ ರಾತ್ರಿ ಅಮ್ಮನಿಗೆ ಎರಡು ಸಲ ಹೇಳಿದೆ.

ಮುಂದಿನ ವಾರ ಬಂದಾಗ ಮತ್ತೆ ಒಂದು. ಸೂಜಿ ಹಾಕಿಸಿದ ಕಾಲು ಎಂದು ಬಂಗಾರಮ್ಮ ಮೂರು ದಿನ ನೀರು ಮುಟ್ಟಿಸಿರಲಿಲ್ಲ, ದಿಂಬಿನ ಮೇಲಿಟ್ಟು ನೆಲಕ್ಕೇ ಊರಿಸಿರಲಿಲ್ಲ.

"ಇಂಜೆಕ್ಷನ್ ಮಾಡಿದ್ಮೇಲೆ ರೆಸ್ಟ್ ಬೇಡ್ವಾ?" ಎಂದರು.

"ಅದು ಇಂಜೆಕ್ಷನ್ ಅಲ್ಲ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ" ಎಂದು ರೇಗಿದೆ. ಗಿರಣಿಯ ಸದ್ದನ್ನೂ ಮೀರಿ ಹೊರಗೆ ಕೂತವರಿಗೆಲ್ಲ ಕೇಳಿಸಿತು. ಬಂಗಾರಮ್ಮ ಸೆರಗು ಸರಿಮಾಡಿಕೊಂಡು ಗೋಡೆ ನೋಡಿದರು. ಆಮೇಲೆ ಆ ತಪ್ಪು ಆಗಲಿಲ್ಲ. ಗೋವಿಂದಯ್ಯ ದಿನಕ್ಕೆರಡು ಬಾರಿ ಗೋಡೆ ಹಿಡಿದು ನಿಲ್ಲತೊಡಗಿದರು, ಬಂಗಾರಮ್ಮ ಗಡಿಯಾರ ನೋಡಿ ಹೇಳುತ್ತಿದ್ದರು.

ಆದರೂ ಕಾಲು ಜಗ್ಗಲಿಲ್ಲ. ನನ್ನ ತಲೆ ಕೆಡಲು ಶುರುವಾದದ್ದು ಆಮೇಲೆಯೇ. ಪ್ರತಿ ಬುಧವಾರ ಬರುವರು, ಒಂದು ಅಥವಾ ಒಂದೂವರೆ. ಸೂಜಿ ಹಾಕಿ ಎಳೆದರೆ ನಾಲ್ಕು. ಮುಂದಿನ ಬುಧವಾರ ಮತ್ತೆ ಒಂದೂವರೆ. ಸೆಪ್ಟೆಂಬರ್ ಕಳೆಯಿತು, ದಸರಾ ಬಂದು ಹೋಯಿತು. ಮೀನಖಂಡದ ಇನ್ನೂ ಆಳದ ಸ್ನಾಯುವಿಗೆ ಹಾಕಿದೆ, ಬಿಸಿ ಕೊಟ್ಟೆ, ಕೀಲನ್ನು ಕೈಯಲ್ಲಿ ಹಿಡಿದು ತಿರುಗಿಸಿದೆ. ಬೆಂಗಳೂರಿನಲ್ಲಿ ಕಲಿಸಿದವರಿಗೆ ಫೋನ್ ಮಾಡಿದರೆ, ಪೇಷಂಟ್ ಮನೆಯಲ್ಲಿ ಮಾಡುತ್ತಿಲ್ಲ ಎಂದರು. ನನಗೂ ಅದೇ ಗುಮಾನಿ.

"ನಿಜ ಹೇಳಿ, ಮಾಡ್ತಿದ್ದೀರಾ?"

"ಮಾಡ್ತಿದೀನಿ ಮೇಡಂ."

"ಬೆಳಿಗ್ಗೆ ಸಂಜೆ ಎರಡೂ ಹೊತ್ತು?"

"ಎರಡೂ ಹೊತ್ತು."

"ಸುಳ್ಳು ಹೇಳ್ಬೇಡಿ ಗೋವಿಂದಯ್ಯನವರೇ. ಮಾಡಿದ್ರೆ ಕಾಲು ಹೀಗಿರಲ್ಲ. ನಿಮಗೆ ವಾಸಿ ಆಗೋದು ಬೇಕಾಗಿಲ್ಲ ಅನ್ಸುತ್ತೆ. ಗೇಟೇ ಆರಾಮ ಅಂತ ಇರ್ಬೇಕು."

ಅವರು ಪ್ಯಾಂಟಿನ ಮಡಿಕೆ ಇಳಿಸಿಕೊಂಡರು, ಚಪ್ಪಲಿ ಹಾಕಿಕೊಂಡರು. ಬಂಗಾರಮ್ಮ ಮಾತ್ರ ಬಾಗಿಲಲ್ಲಿ ನಿಂತು, "ಮನೆ ಗೋಡೆ ಮೇಲೆ ಎರಡು ಕೈ ಮೂಡಿದೆ ಮೇಡಂ, ಸುಣ್ಣ ಎದ್ದುಹೋಗಿದೆ. ಬಂದು ನೋಡಿ ಬೇಕಾದ್ರೆ" ಎಂದರು. ಮುಂದಿನ ಬುಧವಾರ ಇಬ್ಬರೂ ಬರಲಿಲ್ಲ.

ಬರದಿದ್ದದ್ದು ಸರಿಯಾಗಿಯೇ ಚುಚ್ಚಿತು. ಗೋಡೆಯ ಮೇಲಿನ ಕೈಗುರುತಿನ ಬಗ್ಗೆ ಯಾರೂ ಸುಳ್ಳು ಹುಟ್ಟಿಸುವುದಿಲ್ಲ. ಹಾಗಾದರೆ ತಪ್ಪು ಎಲ್ಲಿದೆ? ಫೌಂಡ್ರಿಯಲ್ಲಿ ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದಾಗ, "ಹಗುರ ಕೆಲ್ಸ ಕೊಟ್ಟಿದಾರೆ" ಎಂದಿದ್ದರು. ಹಗುರ ಎಂದರೆ ನಿಂತು ಮಾಡುವುದು ಎಂದು ನಾನೇ ಅಂದುಕೊಂಡು ಮುಂದೆ ಕೇಳಿರಲಿಲ್ಲ. ನವೆಂಬರ್ ಮೊದಲ ವಾರ ಒಂದು ಮಧ್ಯಾಹ್ನ ಕ್ಲಿನಿಕ್ ಮುಚ್ಚಿ ಭದ್ರಾವತಿ ಬಸ್ಸು ಹತ್ತಿದೆ.

ಫೌಂಡ್ರಿ ಎಂದರೆ ತಗಡಿನ ಸೂರು, ಕರಿ ನೆಲ, ಮೂಗಿಗೆ ಅಡರುವ ಕಲ್ಲಿದ್ದಲ ವಾಸನೆ. ಒಬ್ಬರಿಗೊಬ್ಬರು ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಕೂಗಿ ಮಾತಾಡುತ್ತಿದ್ದರು. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಗೋವಿಂದಯ್ಯ ಕಂಡರು. ಒಂದು ಪುಟ್ಟ ಚೌಕಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

ಕೂತಿದ್ದರು. ಎರಡೂ ಮೊಣಕಾಲು ಎದೆಗೆ ತಾಗಿಸಿ, ಮೈಯನ್ನು ಮುಂದಕ್ಕೆ ಬಾಗಿಸಿ, ಸಣ್ಣ ಕರಣೆಯಲ್ಲಿ ಮರಳಿನ ಅಂಚು ತೀಡುತ್ತಾ, ಪೂರ್ತಿ ಕೂತಿದ್ದರು. ಅರೆಕ್ಷಣ ನನಗೆ ಖುಷಿಯಾಯಿತು ಎಂದರೆ ನಂಬುತ್ತೀರಾ? ನನ್ನ ಸೂಜಿ ಗೆದ್ದಿತು ಅಂದುಕೊಂಡೆ. ಆಮೇಲೆ ಹಿಮ್ಮಡಿ ನೋಡಿದೆ. ಮರಳಿನಲ್ಲಿ ಅರ್ಧ ಹೂತ, ಹಿಂದೆ ಎತ್ತರ ಮುಂದೆ ತೆಳ್ಳಗಿನ ಮರದ ಬೆಣೆ ಒಂದೊಂದು ಹಿಮ್ಮಡಿಯ ಅಡಿಯಲ್ಲಿ.

ನನ್ನನ್ನು ಕಂಡು ಗೋವಿಂದಯ್ಯ ಗಡಬಡಿಸಿ ಎದ್ದರು. ಪಕ್ಕದಲ್ಲಿ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಒಬ್ಬರು ಮಾತ್ರ ಮುಖ ಅರಳಿಸಿಕೊಂಡು ಬಂದರು. ಮೂರ್ತಪ್ಪ ಎಂದು, ಅಲ್ಲಿನ ಪ್ಯಾಟರ್ನ್ ಬಡಗಿ, ಗೋವಿಂದಯ್ಯನವರ ಇಪ್ಪತ್ತು ವರ್ಷದ ಗೆಳೆಯರು.

"ಸೂಜಿ ಮೇಡಂ ನೀವೇನಾ? ಬನ್ನಿ, ನೋಡಿ ಇದನ್ನ" ಎಂದು ಬೆಣೆ ಎತ್ತಿ ಮರಳು ಒರೆಸಿ ನನ್ನ ಕೈಗಿಟ್ಟರು. ತೇಗದ ತುಂಡು. ಅಂಗೈಗೆ ನುಣ್ಣಗೆ ಹತ್ತುವ ಹಾಗೆ ಹೆರೆದಿದ್ದರು. "ಪ್ಲಾಸ್ಟರ್ ಬಿಚ್ಚಿ ಬಂದಾಗ ಇವ್ನು ಕೂರೋಕಾಗ್ದೆ ಒದ್ದಾಡ್ತಿದ್ದ. ನೋಡೋಕಾಗ್ಲಿಲ್ಲ ಮಾರಾಯ್ತಿ. ಕಾಲಿನ ಕೋನ ಅಳೆದು ಮಾಡ್ದೆ, ಎರಡೂ ಕಡೆ ಸಮ ಇರ್ಲಿ ಅಂತ ಎಡಗಾಲಿಗೂ ಒಂದು. ಕಬ್ಬಿಣ ಆರಿದ್ಮೇಲೆ ಕುಗ್ಗತ್ತೆ, ಅದಕ್ಕೆ ನಾವು ಪ್ಯಾಟರ್ನ್‌ನ ಯಾವಾಗ್ಲೂ ಒಂದ್ ಚೂರು ದೊಡ್ಡದೇ ಮಾಡೋದು. ಇವನ ಕಾಲೂ ದಿನಾ ಕುಗ್ತಾ ಇತ್ತು, ಅದಕ್ಕೆ ಬೆಣೆಗೂ ಅರ್ಧ ಇಂಚು ಜಾಸ್ತಿ ಬಿಟ್ಟೆ."

"ಜಾಸ್ತಿ ಬಿಟ್ರಿ" ಎಂದೆ.

"ಹ್ಞೂಂ. ನೀವು ಸೂಜಿ ಹಾಕಿದ ಮಾರನೇ ದಿನ ಕಾಲು ಇನ್ನೂ ನೋಯ್ತದೆ ಅಂತಿದ್ದ. ಅವತ್ತು, ಅದರ ಮಾರನೇ ದಿನ ಪ್ಲೈವುಡ್ ಒಂದ್ ಪದರ ಸೇರಿಸ್ತಿದ್ವಿ."

ನನಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ನಾನು ಬುಧವಾರ ಸಡಿಲ ಮಾಡುತ್ತಿದ್ದೆ, ಗುರುವಾರ ಇವರು ಹಿಮ್ಮಡಿಯನ್ನು ಇನ್ನೂ ಮೇಲಕ್ಕೆತ್ತಿ ಇಡುತ್ತಿದ್ದರು. ದಿನಕ್ಕೆ ಹತ್ತು ನಿಮಿಷ ಗೋಡೆ ಹಿಡಿದು ಎಳೆದದ್ದು, ಎಂಟು ಗಂಟೆ ಮರದ ಮೇಲೆ ಕೂತು ಮೊಟಕಾಗುತ್ತಿತ್ತು. ಎರಡು ತಿಂಗಳು ನಾನು ಕಣ್ಣಲ್ಲಿ ಕಣ್ಣಿಟ್ಟು ಮಾಡಿದ ಕೆಲಸವನ್ನು ಈ ಬಡಗಿ ಮೂರು ಇಂಚು ತೇಗದಲ್ಲಿ ಮಣ್ಣುಪಾಲು ಮಾಡಿದ್ದರು, ಅದೂ ಪ್ರೀತಿಯಿಂದ. ಪ್ರೀತಿ ಇದ್ದದ್ದಕ್ಕೇ ನನ್ನ ಸಿಟ್ಟು ಇನ್ನೂ ಏರಿತು.

"ತಲೆ ಇದೆಯಾ ನಿಮಗೆ?" ಎಂದು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಮೂರ್ತಪ್ಪನವರಿಗೆ ಬೈದೆ, ಗೋವಿಂದಯ್ಯನವರಿಗೆ ಬೈದೆ. ನನ್ನಿಂದ ಮುಚ್ಚಿಟ್ಟಿರಿ ಎಂದೆ, ಎರಡು ತಿಂಗಳು ಹೊಳೆಗೆ ಸುರಿದಿರಿ ಎಂದೆ, ಈ ಕಟ್ಟಿಗೆ ಇರುವ ತನಕ ನಿಮ್ಮ ಕಾಲು ಜನ್ಮದಲ್ಲಿ ಸರಿಯಾಗುವುದಿಲ್ಲ ಎಂದೆ. ಸುತ್ತಲ ಕುಟ್ಟುವ ಸದ್ದು ನಿಂತುಹೋಗಿದ್ದು ನನಗೆ ಗೊತ್ತಾಗಲಿಲ್ಲ. ಹಿಂದಿನಿಂದ ಯಾರೋ, "ಏನಿದು ಗೋವಿಂದಯ್ಯ?" ಎಂದರು.

ಫೋರ್‌ಮನ್ ಉಮಾಮಹೇಶ್ವರ. ಬೂಟಿನ ತುದಿಯಿಂದ ಮರಳು ಸರಿಸಿ ಇನ್ನೊಂದು ಬೆಣೆಯನ್ನು ನೋಡಿದರು. ಅವರಿಗೆ ಅದು ಅಲ್ಲಿರುವುದೇ ಗೊತ್ತಿರಲಿಲ್ಲ. ಅಚ್ಚಿನ ನೆಲದಲ್ಲಿ ನೂರೆಂಟು ಮರದ ಚೂರು ಬಿದ್ದಿರುತ್ತವೆ, ಬಗ್ಗಿ ನೋಡುವವರು ಯಾರು. ಗೋವಿಂದಯ್ಯ ಕೂರುತ್ತಿದ್ದಾರೆ, ಕಾಲು ಚೇತರಿಸಿಕೊಳ್ಳುತ್ತಿದೆ ಎಂದೇ ತಿಳಿದಿದ್ದರು.

"ಕಾದ ಕಬ್ಬಿಣ ಹುಯ್ಯೋವಾಗ ತಟಕ್ಕಂತ ಎದ್ದು ಸರಿಯೋಕಾಗ್ಬೇಕು ಮೇಡಂ" ಎಂದರು ನನಗೆ. ಕೂಗಾಡಲಿಲ್ಲ. "ಆಗ ಇದು ಜಾರಿದ್ರೆ ನಾನು ಇವರ ಮನೆಯವ್ರಿಗೆ ಏನ್ ಹೇಳ್ಲಿ? ಒಂದನೇ ತಾರೀಕು ಮರ ಗಿರ ಏನೂ ಇಲ್ದೆ ಕೂತು ತೋರಿಸ್ಲಿ. ನೀವೂ ಬನ್ನಿ. ನಿಮ್ಮೆದುರೇ ಆಗ್ಲಿ."

ಗೇಟಿನವರೆಗೆ ಗೋವಿಂದಯ್ಯ ನನ್ನನ್ನು ಬಿಡಲು ಬಂದರು. ಬೈಸಿಕೊಂಡ ಮೇಲೂ ಬಂದರು ನೋಡಿ. "ಸಾಹೇಬ್ರಿಗೆ ಗೊತ್ತಿರ್ಲಿಲ್ಲ ಮೇಡಂ" ಎಂದರು ಮೆತ್ತಗೆ. "ಒಂದನೇ ತಾರೀಕು ಅದರ ಮೇಲೇ ಕೂತು ತೋರಿಸಿದ್ರೆ ನಡೆದುಹೋಗ್ತಿತ್ತು." ಬಾಯಿಬಡುಕತನದಿಂದ ಆ ಮನುಷ್ಯನ ಇಪ್ಪತ್ತಾರು ವರ್ಷದ ಕೆಲಸವನ್ನು ನಾನೇ ಬೀದಿಗೆ ತಂದಿದ್ದೆ.

ಇಪ್ಪತ್ತೈದು ದಿನ ಉಳಿದಿತ್ತು. ಬೆಣೆಯನ್ನು ಒಮ್ಮೆಗೇ ಕಿತ್ತರೆ ಅವರು ಕೂರುವಂತಿಲ್ಲ, ಕೂರದೆ ಕೈಗೆ ಕೆಲಸವಿಲ್ಲ. ಮಾರನೇ ದಿನ ಮತ್ತೆ ಭದ್ರಾವತಿಗೆ ಹೋಗಿ ಮೂರ್ತಪ್ಪನವರ ಮುಂದೆ ನಿಂತೆ. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. "ದಿನಾ ಸಂಜೆ ಎರಡು ಮಿಲಿಮೀಟರ್ ಹೆರೀತೀರಾ?" ಎಂದೆ. ಅವರಿಗೂ ಮುಖ ಸಪ್ಪೆಯಾಗಿತ್ತು. "ಎರಡೇನು, ಒಂದೂವರೆ ಬೇಕಂದ್ರೂ ಹೆರೀತೀನಿ, ಅಳತೆ ತಪ್ಪಲ್ಲ" ಎಂದರು.

ಫೋರ್‌ಮನ್ ಅಷ್ಟು ದಿನ ಬೆಣೆ ಇಟ್ಟುಕೊಳ್ಳಲು ಬಿಟ್ಟರು, ಕಬ್ಬಿಣ ಹುಯ್ಯುವಾಗ ಮಾತ್ರ ಗೋವಿಂದಯ್ಯ ದೂರ ಇರಬೇಕು ಎಂದರು. ಅಲ್ಲಿಂದ ವಾರಕ್ಕೆರಡು ಸಲ ನಾನೇ ಸೂಜಿಯ ಡಬ್ಬಿ ಹಿಡಿದು ಹೋದೆ. ಊಟದ ಬಿಡುವಿನಲ್ಲಿ ಮೂರ್ತಪ್ಪನವರ ಬೆಂಚಿನ ಮೇಲೆಯೇ ಮಲಗಿಸಿ ಚುಚ್ಚುತ್ತಿದ್ದೆ. ಎದ್ದ ಕೂಡಲೇ ಗೋಡೆ ಹಿಡಿಸುತ್ತಿದ್ದೆ. ಬೆಣೆ ದಿನದಿಂದ ದಿನಕ್ಕೆ ತೆಳುವಾಯಿತು. ಗೋಡೆಯ ಅಳತೆ ಮೊದಲ ವಾರದ ಕೊನೆಗೆ ಎರಡೂವರೆ, ಎರಡನೇ ವಾರ ನಾಲ್ಕು, ಮೂರನೇ ವಾರ ಆರು. ಸೂಜಿಯಿಂದ ಬಂದ ಸಡಿಲ ಮೊದಲ ಬಾರಿಗೆ ಮುಂದಿನ ಸೂಜಿಯವರೆಗೂ ಉಳಿಯಿತು. ಇದನ್ನೇ ಸೆಪ್ಟೆಂಬರಿನಲ್ಲಿ ಮಾಡಿದ್ದರೆ ಎಂದು ನೆನೆದಾಗಲೆಲ್ಲ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು. ಅವರು ಮುಚ್ಚಿಟ್ಟರು ಎಂದು ನಾನು ಕೂಗಾಡಿದ್ದೆ. ನಿಜ ಏನೆಂದರೆ, ದಿನವಿಡೀ ಹೇಗೆ ಕೂರುತ್ತೀರಿ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ನವೆಂಬರ್ ಮೂವತ್ತಕ್ಕೆ ಬೆಣೆ ಕಿರುಬೆರಳಿನಷ್ಟು ದಪ್ಪ ಉಳಿದಿತ್ತು. ಉಮಾಮಹೇಶ್ವರರಿಗೆ ಫೋನ್ ಮಾಡಿ ಇನ್ನು ಎರಡು ವಾರ ಕೊಡಿ ಎಂದು ಬೇಡಿಕೊಂಡೆ. ನಾನು, ಬೇಡಿಕೊಂಡದ್ದು. "ಮೂರನೇ ತಾರೀಕಿಂದ ಪಂಪಿನ ಅಚ್ಚಿಗೆ ಚೌಕಟ್ಟು ಇಡ್ಬೇಕು ಮೇಡಂ. ಕೊಯಮತ್ತೂರಿಂದ ಒಬ್ರು ಬರೋಕೆ ರೆಡಿ ಇದಾರೆ. ಇವರು ಆಗ್ತಾರೋ ಇಲ್ವೋ ನಾಳೆ ನಂಗೆ ಗೊತ್ತಾಗ್ಬೇಕು" ಎಂದರು. ತಪ್ಪು ಮಾತೇನೂ ಅಲ್ಲ. ಅದಕ್ಕೇ ಮೈ ಪರಚಿಕೊಳ್ಳುವ ಹಾಗಾಯಿತು.

ಒಂದನೇ ತಾರೀಕು ಗೋವಿಂದಯ್ಯ ಬೆಣೆಯಿಲ್ಲದೆ ಬರಿಗಾಲಲ್ಲಿ ಕೂತರು. ಕೂತರು ಎನ್ನುವುದು ನಿಜ, ಬೀಳಲಿಲ್ಲ. ಎಡಗಾಲು ಪೂರ್ತಿ ಊರಿತ್ತು, ಬಲ ಹಿಮ್ಮಡಿ ಮರಳಿಗೆ ತಾಗಿಯೂ ತಾಗದ ಹಾಗಿತ್ತು. ಮರಳು ತುಂಬಿದರು, ಕುಟ್ಟಿದರು, ಚೌಕಟ್ಟಿನ ಸುತ್ತ ಸರಿದರು. ಒಂದು ಗಂಟೆ, ಒಂದೂವರೆ ಗಂಟೆ. ನೆಲದ ಮೇಲಿನ ಅಷ್ಟೂ ಜನ ತಮ್ಮ ಕೆಲಸ ಮಾಡುವ ನೆಪದಲ್ಲಿ ಇತ್ತಲೇ ನೋಡುತ್ತಿದ್ದರು. ಗೋವಿಂದಯ್ಯನವರ ಕೈ ಓಡುವುದನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂದು ಬೆರಳಿನಿಂದಲೇ ತಿಳಿದುಕೊಂಡು ಹೋಗುತ್ತಿದ್ದರು. ಬೆವರು ಮೂಗಿನ ತುದಿಯಿಂದ ಮರಳಿಗೆ ಬೀಳದಂತೆ ಆಗಾಗ ತೋಳಿನಿಂದ ಒರೆಸಿಕೊಳ್ಳುತ್ತಿದ್ದರು. ಬಲಗಾಲು ಸಣ್ಣಗೆ ನಡುಗತೊಡಗಿದ್ದು ನನಗೆ ಮಾತ್ರ ಕಂಡಿತು.

ಕೊನೆಗೆ ಪ್ಯಾಟರ್ನ್ ಎತ್ತುವುದು ಉಳಿಯಿತು. ಮೈಯೆಲ್ಲ ಮುಂದಕ್ಕೆ ಚಾಚಿ, ಎರಡೂ ಹಿಮ್ಮಡಿಯ ಮೇಲೆ ಭಾರ ನಿಲ್ಲಿಸಿ, ಉಸಿರು ಹಿಡಿದು ನೆಟ್ಟಗೆ ಮೇಲೆತ್ತಬೇಕು. ಗೋವಿಂದಯ್ಯ ಎತ್ತಿದರು. ಪ್ಯಾಟರ್ನ್ ಮರಳಿನಿಂದ ಬಿಡಿಸಿಕೊಂಡು ಚೊಕ್ಕವಾಗಿ ಮೇಲೆ ಬಂತು. ಆಗ ಬಲ ಹಿಮ್ಮಡಿ ಎದ್ದಿತು. ಅವರು ವಾಲಿದರು. ಎಡಗೈ ತಾನಾಗಿ ಕೆಳಗೆ ಹೋಯಿತು.

ಗೋವಿಂದಯ್ಯ ಪ್ಯಾಟರ್ನನ್ನು ಹುಷಾರಾಗಿ ಪಕ್ಕಕ್ಕಿಟ್ಟರು, ಕೈ ತೆಗೆದರು. ಅಚ್ಚಿನ ಒಂದು ಪಕ್ಕ ಕುಸಿದು, ಉಳಿದ ಪಕ್ಕದಲ್ಲಿ ಅವರ ಐದು ಬೆರಳು ಮೂಡಿದ್ದವು. ಮೂರ್ತಪ್ಪ ಬೆನ್ನು ತಿರುಗಿಸಿ ಬೆಂಚಿನ ಕಡೆ ನಡೆದರು. ಫೋರ್‌ಮನ್ ಗೋವಿಂದಯ್ಯನವರ ತೋಳು ಹಿಡಿದು ಎಬ್ಬಿಸಿ, "ನಾಳೆಯಿಂದ ಗೇಟಿಗೆ ಬನ್ನಿ" ಎಂದರು.

ಗೇಟಿನ ಹೊರಗೆ ಬಂಗಾರಮ್ಮ ಕಾಯುತ್ತಿದ್ದರು. ಗಂಡನ ಮುಖ ನೋಡಿ ಕೇಳುವುದೇನೂ ಉಳಿಯಲಿಲ್ಲ ಅವರಿಗೆ. ನನ್ನ ಕಡೆ ತಿರುಗಿ, "ನೀವು ಅವತ್ತು ಇಲ್ಲಿಗೆ ಬರದೇ ಇದ್ದಿದ್ರೆ ಚೆನ್ನಾಗಿತ್ತು ಮೇಡಂ" ಎಂದರು. ಕೂಗಲಿಲ್ಲ, ಅಳಲಿಲ್ಲ. ಬಸ್ಸಿನಲ್ಲಿ ಶಿವಮೊಗ್ಗದ ತನಕ ಕಿಟಕಿಗೆ ಮುಖ ಮಾಡಿಕೊಂಡೇ ಕೂತಿದ್ದೆ.

ಇನ್ನು ಬರಲಾರರು ಎಂದುಕೊಂಡಿದ್ದೆ. ಮುಂದಿನ ಬುಧವಾರ ಗೋವಿಂದಯ್ಯ ಒಬ್ಬರೇ ಬಂದರು. "ಅರ್ಧಕ್ಕೆ ಬಿಡೋದು ಬೇಡ ಮೇಡಂ" ಎಂದರು. ಡಿಸೆಂಬರ್, ಜನವರಿ ಪೂರ್ತಿ ಬಂದರು. ಈಗ ಅವರ ಹಿಮ್ಮಡಿಯ ಅಡಿಗೆ ಏನೂ ಇರಲಿಲ್ಲ, ಕಾಲು ತಾನಾಗಿ ಬಿಟ್ಟುಕೊಳ್ಳುತ್ತಾ ಹೋ‌ಯಿತು. ಏಳು, ಎಂಟೂವರೆ, ಹತ್ತು. ಫೆಬ್ರವರಿಯಲ್ಲಿ ಕಾಲು ಸಂಪೂರ್ಣ ಸರಿಯಾಗಿದೆ ಎಂದು ಸರ್ಟಿಫಿಕೇಟ್ ಬರೆದು, ನಾನೇ ಹೋಗಿ ಉಮಾಮಹೇಶ್ವರರ ಕೈಗೆ ಕೊಟ್ಟೆ. ಎರಡು ಸಲ ಓದಿದರು. "ಕೊಯಮತ್ತೂರಿನವರು ಮನೆ ಮಂದಿನೆಲ್ಲ ಕರ್ಕೊಂಡ್ ಬಂದಿದಾರೆ ಮೇಡಂ. ಅವರನ್ನ ಏನಂತ ಕಳಿಸ್ಲಿ?" ಎಂದು ಹಾಳೆಯನ್ನು ಮಡಚಿ ನನಗೇ ವಾಪಸು ಕೊಟ್ಟರು.

ಮಾರ್ಚಿನ ಮೊದಲ ಬುಧವಾರ ಗೋವಿಂದಯ್ಯನವರನ್ನು ಗೋಡೆಗೆ ನಿಲ್ಲಿಸಿ ಅಳೆದೆ. ಹನ್ನೊಂದು. ಎಡಗಾಲಿಗೂ ಬಲಗಾಲಿಗೂ ಒಂದು ಕೂದಲಿನಷ್ಟು ವ್ಯತ್ಯಾಸವಿಲ್ಲ. ನನ್ನ ಕ್ಲಿನಿಕ್ಕಿನಲ್ಲಿ ಅಷ್ಟು ಚೆನ್ನಾಗಿ ಬಂದ ಕಾಲು ಅಲ್ಲಿಯತನಕ ಇನ್ನೊಂದಿರಲಿಲ್ಲ. ಇನ್ನು ಬರಬೇಕಾಗಿಲ್ಲ ಎಂದೆ. ಅವರು ತಲೆಯಾಡಿಸಿ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. ಎರಡೂ ಹಿಮ್ಮಡಿ ಸಿಮೆಂಟಿಗೆ ಅಂಟಿಕೊಂಡಿದ್ದವು. ಮೂರ್ತಪ್ಪನ ಮಗಳ ಮದುವೆ, ಹಳೇನಗರದ ನೀರಿನ ಗೋಳು ಎಂದು ಅದೂ ಇದೂ ಮಾತಾಡುತ್ತಾ ಕೂತೇ ಇದ್ದರು. ಹತ್ತು ನಿಮಿಷವಾಯಿತು. ಹೊರಗೆ ನಾಲ್ಕು ಜನ ಕಾಯುತ್ತಿದ್ದರು.

"ಮೇಲೆ ಕೂತ್ಕೊಳ್ಳಿ ಗೋವಿಂದಯ್ಯನವರೇ, ಕಾಲು ನೋಯುತ್ತೆ" ಎಂದೆ.

"ನೋಯಲ್ಲ ಮೇಡಂ" ಎಂದರು. "ಇನ್ನೊಂದ್ ಸ್ವಲ್ಪ ಹೊತ್ತು ಕೂರ್ತೀನಿ. ಗೇಟಲ್ಲಿ ಕುರ್ಚಿ ಕೊಟ್ಟಿದಾರೆ, ಅಲ್ಲಿ ಹಿಂಗೆ ಕೂರಂಗಿಲ್ಲ."